ನವಜಾತ ಶಿಶು ೪೧೨ರ ನಿವೃತ್ತಿ ಭಾಷಣ

ಸಭಾಧ್ಯಕ್ಷರಾದ ನಮ್ಮ ನಿರ್ದೇಶಕರೇ, ಅಷ್ಟು ದೂರದಿಂದ ಬಂದು ಇಷ್ಟು ಹೊತ್ತು ಕಾದಿರುವ ಮುಖ್ಯ ಅತಿಥಿಗಳೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕವರೇ, ಕೆಳಗೆ ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತವರೇ, ಕೊನೆಯ ಸಾಲಿನಲ್ಲಿ ಕುಳಿತ ನನ್ನ ಮನೆಯವಳೇ, ಸಭಿಕರೇ,

ಕಾಗದ ಓದುವ ಮೊದಲು ಒಂದು ತಕರಾರಿದೆ. ಮಾತಾಡು ಎಂದಿದ್ದರೆ ಮಾತಾಡುತ್ತಿದ್ದೆ. ಬರೆದು ತಂದು ಓದು ಎಂದು ಕಚೇರಿಯಿಂದ ಮೂರು ಸಲ ಸುತ್ತೋಲೆ ಬಂತು. ನನ್ನ ಬಾಯಿಗೆ ಬಿಟ್ಟರೆ ಏನಾದರೂ ಒರಟಾಗಿ ಅಂದುಬಿಡುತ್ತೇನೆ, ಅತಿಥಿಗಳ ಮುಂದೆ ಸಂಸ್ಥೆಯ ಮಾನ ಹೋಗುತ್ತದೆ ಎಂಬ ಭಯವಂತೆ. ನಾನು ಜೀವಮಾನದಲ್ಲಿ ಎರಡು ಸಾಲಿಗಿಂತ ಉದ್ದದ್ದನ್ನು ಬರೆದವನಲ್ಲ. ನಾನು ಬರೆಯುವ ಚೀಟಿಯಲ್ಲಿ ಹಿಡಿಸುವುದೇ ಎರಡು ಸಾಲು. ಈ ಏಳು ಪುಟಕ್ಕೆ ಹನ್ನೊಂದು ದಿನ ಹಿಡಿಯಿತು. ಹೆಬ್ಬೆರಳು ಊದಿದೆ. ಮೊನ್ನೆ ಇದನ್ನು ಕಚೇರಿಗೆ ಒಪ್ಪಿಸಿದಾಗ ಮೇಲ್ವಿಚಾರಕರು ಪುಟಗಳನ್ನು ಎಣಿಸಿದರು, ಅಂಚು ಸರಿಯಾಗಿ ಬಿಟ್ಟಿದ್ದೇನೆಯೇ ಎಂದು ನೋಡಿದರು, ಒಂದೊಂದು ಪುಟಕ್ಕೂ ‘ಪರಿಶೀಲಿಸಲಾಗಿದೆ’ ಎಂದು ಮೊಹರು ಹೊಡೆದು ವಾಪಸು ಕೊಟ್ಟರು. ಓದಿ ಹೊಡೆದರೋ ಓದದೆ ಹೊಡೆದರೋ ಇನ್ನು ಹತ್ತು ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಮೊಹರು ಬಿದ್ದ ಮೇಲೆ ಇದು ನನ್ನ ಮಾತಲ್ಲ, ಸಂಸ್ಥೆಯ ಕಾಗದ. ಸಂಸ್ಥೆಯ ಕಾಗದವನ್ನು ಅರ್ಧಕ್ಕೆ ನಿಲ್ಲಿಸಲು ಸಂಸ್ಥೆಯ ನಿಯಮದಲ್ಲಿ ಅವಕಾಶವಿಲ್ಲ. ನಾನು ವಿಚಾರಿಸಿದ್ದೇನೆ.

ನನ್ನ ಕೆಲಸ ಏನು ಎಂದು ಅತಿಥಿಗಳಿಗೆ ಗೊತ್ತಿರಲಾರದು. ಈ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ತಂಪು ಕೋಣೆ ಇದೆ. ಅಲ್ಲಿ ಜನರ ರಕ್ತ ಸಣ್ಣ ಸಣ್ಣ ಟ್ಯೂಬುಗಳಲ್ಲಿ ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗೆ ಕುಳಿತಿರುತ್ತದೆ. ಆ ಟ್ಯೂಬುಗಳಿಗೆ ಚೀಟಿ ಬರೆದು ಅಂಟಿಸುವುದು, ರಿಜಿಸ್ಟರಿನಲ್ಲಿ ಏರಿಸುವುದು, ಕೇಳಿದಾಗ ತೆಗೆದುಕೊಡುವುದು ನನ್ನ ಕೆಲಸ. ಮೂವತ್ತನಾಲ್ಕು ವರ್ಷ ಮಾಡಿದ್ದೇನೆ. ಎರಡು ಸಲ ನಿವೃತ್ತಿ ಮಾಡಿಸಿ ಎರಡು ಸಲವೂ ವಾಪಸು ಕರೆದರು, ಯಾಕೆಂದರೆ ಬೇರೆಯವರು ಬರೆದ ಚೀಟಿ ಆ ಚಳಿಯಲ್ಲಿ ಉದುರುತ್ತಿತ್ತು. ಉದುರಿದ ಚೀಟಿ ಎಂದರೆ ಏನು? ಒಬ್ಬ ಮನುಷ್ಯ ಕಳೆದುಹೋದ ಎಂದು. ನನ್ನ ಚೀಟಿ ಉದುರಿಲ್ಲ. ನನ್ನ ಅಕ್ಷರ ಅಳಿಸಿಲ್ಲ.

ಓದಿದ್ದು ಎಷ್ಟು ಎಂದು ಕೇಳುವಿರಾ? ನಾಲ್ಕನೇ ಕ್ಲಾಸು. ನನಗೂ ಮೇಷ್ಟರಿಗೂ ಜಗಳವಾಯಿತು. ಇಬ್ಬರಲ್ಲಿ ಒಬ್ಬರು ಶಾಲೆ ಬಿಡಬೇಕಿತ್ತು. ಅವರಿಗೆ ಸಂಬಳ ಬರುತ್ತಿತ್ತು, ನಾನು ಬಿಟ್ಟೆ.

ಈ ಸಂಸ್ಥೆಯಲ್ಲಿ ನನ್ನನ್ನು ಎಲ್ಲರೂ ಕೂಸಣ್ಣ ಎನ್ನುತ್ತಾರೆ. ಅದೂ ಒಂದು ಕಥೆ. ಒಂಬತ್ತು ಮಕ್ಕಳಲ್ಲಿ ನಾನು ಕೊನೆಯವನು. ಅಮ್ಮ ನನ್ನನ್ನು ಕೂಸು ಎಂದು ಕರೆದಳು, ಅಕ್ಕಂದಿರೂ ಹಾಗೇ ಕರೆದರು. ನನಗೆ ಮೀಸೆ ಬಂತು, ಮದುವೆಯಾಯಿತು, ತಲೆ ನೆರೆಯಿತು. ಕೂಸು ಹೋಗಲಿಲ್ಲ. ನನಗೆ ನಲವತ್ತು ದಾಟಿದ ಮೇಲೆ ಒಂದು ದಿನ ದೊಡ್ಡಕ್ಕ ಊಟದ ಡಬ್ಬಿ ಹಿಡಿದು ಸಂಸ್ಥೆಯ ಗೇಟಿಗೆ ಬಂದು, “ನಮ್ಮ ಕೂಸು ಬೆಳಿಗ್ಗೆ ಏನೂ ತಿನ್ನದೆ ಬಂದುಬಿಟ್ಟಿದೆ, ಸ್ವಲ್ಪ ಹೊರಗೆ ಕಳಿಸಪ್ಪ” ಎಂದಳು. ಕಾವಲಿನವನು ಗಾಬರಿಯಾಗಿ ಮಗು ಕಳೆದುಹೋಗಿದೆ ಎಂದು ಗಂಟೆ ಬಾರಿಸಿದ. ಮೂರು ಮಹಡಿ ಹುಡುಕಿದರು. ಹುಡುಕಿದವರಲ್ಲಿ ನಾನೂ ಒಬ್ಬ. ಅಂದಿನಿಂದ ಇಲ್ಲಿಯೂ ಕೂಸಣ್ಣ.

ಇನ್ನು ಅಜ್ಜಿಯ ವಿಷಯ. ಮೂರು ವರ್ಷದ ಹಿಂದೆ ನನ್ನ ಮಗಳಿಗೆ ಹೆಣ್ಣುಮಗು ಹುಟ್ಟಿತು, ಇದೇ ಆವರಣದ ಆಸ್ಪತ್ರೆಯಲ್ಲಿ. ಬಟ್ಟೆಯಲ್ಲಿ ಸುತ್ತಿ ತಂದಾಗ ನೋಡಿದರೆ ಹಣೆಯೆಲ್ಲ ಗೆರೆ, ಬಾಯಿ ಒಳಗೆಳೆದುಕೊಂಡು, ಒಂದು ಬೆರಳು ಕೆನ್ನೆಗಿಟ್ಟುಕೊಂಡು, ಇವರೆಲ್ಲ ಯಾಕೆ ಸೇರಿದ್ದಾರೆ ಎಂಬಂತೆ ನಮ್ಮನ್ನೇ ನೋಡುತ್ತಿತ್ತು. ನನ್ನ ಮನೆಯವಳು, “ಅಯ್ಯೋ, ಅಜ್ಜಿ ಬಂದ್ಲು, ಎಲ್ರೂ ಸರಿಯಾಗಿ ಕೂತ್ಕೊಳ್ಳಿ” ಎಂದಳು. ಅಷ್ಟೇ. ಹುಟ್ಟಿ ಅರ್ಧ ಗಂಟೆಗೆ ಅವಳು ಅಜ್ಜಿಯಾದಳು.

ಆಗ ಇಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು. ಹುಟ್ಟಿದ ಮಗುವಿನ ರಕ್ತವನ್ನೂ ವಯಸ್ಸಾದವರ ರಕ್ತವನ್ನೂ ಅಕ್ಕಪಕ್ಕ ಇಟ್ಟು, ರೋಗದ ಜೊತೆ ಹೊಡೆದಾಡುವ ಪ್ರತಿಕಾಯಗಳು ಎಷ್ಟು ಬಗೆ ಇವೆ ಎಂದು ಎಣಿಸುವ ಕೆಲಸ. ಅದನ್ನು ಮಾಡುತ್ತಿದ್ದವಳು ಒಬ್ಬ ಹುಡುಗಿ. ಪದವಿ ಬರುವ ಮೊದಲೇ ನಾವೆಲ್ಲ ಅವಳನ್ನು ಚಿಕ್ಕ ಡಾಕ್ಟರಮ್ಮ ಎನ್ನುತ್ತಿದ್ದೆವು. ಐದು ವರ್ಷದ ದುಡಿಮೆ ಅವಳದು. ಒಂದೇ ಮನೆಯ ಮಗು ಮತ್ತು ಹಿರಿಯರು ಸಿಕ್ಕರೆ ಒಳ್ಳೆಯದು ಎಂದಳು. ಮಗಳು ಒಪ್ಪಿದಳು, ಅಳಿಯ ಒಪ್ಪಿದ, ನಾನು ತೋಳು ಮುಂದೆ ಮಾಡಿದೆ. ಹೊಕ್ಕುಳಬಳ್ಳಿಯಿಂದ ಮಗುವಿನ ರಕ್ತ ಒಂದು ಟ್ಯೂಬು, ನನ್ನ ತೋಳಿನಿಂದ ನನ್ನ ರಕ್ತ ಒಂದು ಟ್ಯೂಬು. ಎರಡನ್ನೂ ಮಂಜಿನ ಡಬ್ಬಿಯಲ್ಲಿಟ್ಟುಕೊಂಡು ನಾನೇ ಅಂಗಳ ದಾಟಿ ತಂದೆ.

ಚೀಟಿಯ ಮೇಲೆ ಯಾರ ಹೆಸರನ್ನೂ ಬರೆಯಕೂಡದು ಎಂದು ಸಂಸ್ಥೆಯ ನಿಯಮ. ಕೊಟ್ಟವರ ಗುಟ್ಟು ಉಳಿಯಬೇಕಲ್ಲ. ಸಂಖ್ಯೆಯ ಚೀಟಿ ಅಂಟಿಸಬೇಕು. ಅಂದು ಸಂಖ್ಯೆಯ ಚೀಟಿಗಳ ಸುರುಳಿ ಮುಗಿದಿತ್ತು. ಬಿಳಿ ಚೀಟಿ ಇತ್ತು. ನಾನು ನಿಯಮ ಮುರಿಯುವವನಲ್ಲ. ನನ್ನ ಹೆಸರು ಬರೆಯಲಿಲ್ಲ. ಮಗುವಿಗೆ ಹೆಸರೇ ಇರಲಿಲ್ಲ. ನನ್ನ ಟ್ಯೂಬಿನ ಮೇಲೆ ‘ಕೂಸು’ ಎಂದು ಬರೆದೆ. ಮಗುವಿನ ಟ್ಯೂಬಿನ ಮೇಲೆ ‘ಅಜ್ಜಿ’ ಎಂದು ಬರೆದೆ.

ನಗಬೇಡಿ. ಸ್ವಲ್ಪ ನಿಲ್ಲಿ. ನಗುವುದು ಮುಂದೆ ಬೇಕಾದಷ್ಟಿದೆ.

ಮೊಮ್ಮಗಳು ಹುಟ್ಟಿದ ಸಂತೋಷದಲ್ಲಿದ್ದೆ ಎಂದು ಹೇಳಬಹುದು. ಆದರೆ ಸತ್ಯ ಅದಲ್ಲ. ಬರೆಯುವಾಗ ನನ್ನ ಕೈ ಎಂದಿನಂತೆಯೇ ಸ್ಥಿರವಾಗಿತ್ತು. ಎರಡೂ ಚೀಟಿಯಲ್ಲಿ ಅಕ್ಷರ ಮುತ್ತಿನಂತೆ ಬಂದಿದೆ. ನನ್ನ ಮಟ್ಟಿಗೆ ಅದರಲ್ಲಿ ತಪ್ಪೇ ಇರಲಿಲ್ಲ. ಕೂಸು ಎಂದರೆ ನಾನು, ಅಜ್ಜಿ ಎಂದರೆ ಅವಳು. ಲೋಕಕ್ಕೆ ಬೇರೆ ಅರ್ಥವಿದೆ ಎಂದು ನನಗೆ ಹೊಳೆಯಲಿಲ್ಲ.

ರಿಜಿಸ್ಟರಿನ ಪ್ರತಿ ಮೇಲಿನ ಕಚೇರಿಗೆ ಹೋಗುತ್ತದೆ. ಅಲ್ಲಿ ಬೆರಳಚ್ಚಿನ ಗುಮಾಸ್ತರು ಅದನ್ನು ಟೈಪು ಮಾಡಿ ಸಂಖ್ಯೆ ಕೊಡುತ್ತಾರೆ. ಅವರು ನೆಲಮಾಳಿಗೆಗೆ ಎಂದೂ ಇಳಿದವರಲ್ಲ, ಅವರಿಗೆ ನೆಗಡಿಯ ಕಾಟ. ಅವರ ಕಾಗದಗಳಲ್ಲಿ ನಾನು ‘ಶೀತಾಗಾರ ಪಾಲಕ’. ಅವರು ‘ಕೂಸು’ ಎಂದಿದ್ದನ್ನು ‘ನವಜಾತ ಶಿಶು, ೪೧೨’ ಎಂದು ಮಾಡಿದರು. ‘ಅಜ್ಜಿ’ ಎಂದಿದ್ದನ್ನು ‘ವೃದ್ಧೆ, ೪೧೩’ ಎಂದು ಮಾಡಿದರು. ಜೊತೆಯ ಅರ್ಜಿಯಲ್ಲಿ ಹಿರಿಯರು ಗಂಡು, ವಯಸ್ಸು ಅರವತ್ತಮೂರು ಎಂದಿತ್ತು. ಗುಮಾಸ್ತರು ಯೋಚಿಸಿದರು. ಚೀಟಿಯಲ್ಲಿ ಅಜ್ಜಿ, ಅರ್ಜಿಯಲ್ಲಿ ಗಂಡು. ಎರಡರಲ್ಲಿ ಒಂದು ತಪ್ಪು. ಚೀಟಿ ಬರೆದವನು ಮೂವತ್ತು ವರ್ಷದಲ್ಲಿ ತಪ್ಪಿದವನಲ್ಲ. ಆದ್ದರಿಂದ ಅರ್ಜಿಯಲ್ಲಿ ‘ಗಂಡು’ ಹೊಡೆದು ‘ಹೆಣ್ಣು’ ಮಾಡಿದರು. ಅವರನ್ನು ನಾನು ಬೈಯುವುದಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ ಇಟ್ಟವರು ನನ್ನ ಮನೆಯಲ್ಲೂ ಇಲ್ಲ.

ಹೀಗೆ ನಾನು ಅರವತ್ತಮೂರನೇ ವಯಸ್ಸಿನಲ್ಲಿ ನವಜಾತ ಶಿಶುವಾದೆ.

ಚಿಕ್ಕ ಡಾಕ್ಟರಮ್ಮ ಮಾಡುತ್ತಿದ್ದ ಕೆಲಸವನ್ನು ನಿಮಗೆ ಹೇಳಬೇಕು. ಅವಳೇ ನನಗೆ ಹೇಳಿಕೊಟ್ಟಿದ್ದು. ತಂಪು ಪೆಟ್ಟಿಗೆಯ ಬಾಗಿಲು ತೆರೆದರೆ ಮತ್ತೆ ಚಳಿ ಇಳಿಯುವವರೆಗೆ ಕಾಯಬೇಕು. ಆಗ ಕೈಗವಸು ಬಿಚ್ಚಿ, ನನ್ನ ಹಾಳು ಚೀಟಿಗಳ ತುಂಡುಗಳನ್ನು ಮೇಜಿನ ಮೇಲೆ ಮೂರು ಗುಡ್ಡೆ ಮಾಡುತ್ತಿದ್ದಳು. ರಕ್ತದ ಬಿಳಿ ಕಣಗಳಲ್ಲಿ ಒಂದು ಜಾತಿಯದು ಪ್ರತಿಕಾಯ ಮಾಡುತ್ತದಂತೆ. ಮಾಡುವ ಮೊದಲು ಪ್ರತಿಯೊಂದು ಕಣವೂ ತನ್ನದೇ ಚೀಟಿ ಬರೆದುಕೊಳ್ಳಬೇಕು. ಈ ಗುಡ್ಡೆಯಿಂದ ಒಂದು ತುಂಡು, ಆ ಗುಡ್ಡೆಯಿಂದ ಒಂದು ತುಂಡು, ಇನ್ನೊಂದರಿಂದ ಒಂದು, ಕಣ್ಣು ಮುಚ್ಚಿಕೊಂಡು ತೆಗೆದು ಅಂಟಿಸಿಕೊಳ್ಳುತ್ತದೆ. ಅಂಟಿಸಿದ ಜಾಗದಲ್ಲಿ ಮನಸ್ಸಿಗೆ ಬಂದ ನಾಲ್ಕಕ್ಷರ ಗೀಚುತ್ತದೆ. ಆ ಗೀಚುವುದರಿಂದಲೇ ಒಂದು ಕಣದಂತೆ ಇನ್ನೊಂದು ಇರುವುದಿಲ್ಲ. ಹೊಟ್ಟೆಯೊಳಗಿನ ಮಗುವಿನಲ್ಲಿ ಆ ಗೀಚುವ ಪೆನ್ನಿಗೆ ಇನ್ನೂ ಸರಿಯಾಗಿ ಮಸಿ ಬಿದ್ದಿರುವುದಿಲ್ಲ. ಹಾಗಾಗಿ ಎಳೆಯ ಕಣದ ಬೆಸುಗೆ ಚಿಕ್ಕದು, ಚೊಕ್ಕಟ. ಹಾಗಿದ್ದೂ ಬಗೆಗಳೇನು ಕಡಿಮೆಯಿಲ್ಲ, ಲಕ್ಷಲಕ್ಷ.

ನನಗೆ ಸಿಟ್ಟು ಬಂತು. ಕಣ್ಣು ಮುಚ್ಚಿ ಚೀಟಿ ಬರೆಯುವುದು ಎಂದರೆ ಏನು ಕೆಲಸ ಅದು? ಎಷ್ಟು ಕೆಡುತ್ತವೆ ಎಂದು ಕೇಳಿದೆ.

“ಮೂರು ಸಲ ಅಂಟಿಸಿದ್ರೆ ಎರಡು ಸಲ ಕೆಡುತ್ತೆ, ಕೂಸಣ್ಣ.”

“ಅಂಥವ್ನನ್ನ ನಾನಾಗಿದ್ರೆ ಮಧ್ಯಾಹ್ನದೊಳಗೆ ಮನೆಗೆ ಕಳಿಸ್ತಿದ್ದೆ.”

“ಅದೇ ಮಾಡೋದು ಅಲ್ಲೂ. ಕೆಟ್ಟಿದ್ದು ಗೊತ್ತಾದ್ರೆ ಕಣ ಇನ್ನೊಂದು ಸಲ ಬರ್ಕೊಳ್ಳುತ್ತೆ. ಆಗ್ಲೂ ಸರಿಯಾಗ್ಲಿಲ್ವಾ, ತಾನೇ ಸಾಯುತ್ತೆ. ಕೆಟ್ಟ ಚೀಟಿ ಹಿಡ್ಕೊಂಡು ಓಡಾಡೋಕೆ ಒಳಗೆ ಜಾಗ ಕೊಡಲ್ಲ.”

ವಯಸ್ಸಾದವರ ರಕ್ತದಲ್ಲಿ ಬೇರೆ ಲೆಕ್ಕ. ಬಂದ ರೋಗ, ಚುಚ್ಚಿಸಿಕೊಂಡ ಸೂಜಿ, ಎಲ್ಲದಕ್ಕೂ ಗೆದ್ದ ಕಣ ತನ್ನದೇ ಪ್ರತಿಗಳನ್ನು ಮಾಡುತ್ತದೆ, ಮತ್ತೆ ಮತ್ತೆ ತಿದ್ದಿಕೊಳ್ಳುತ್ತದೆ. ಹಳೇ ರಿಜಿಸ್ಟರಿನಂತೆ. ನೋಡಿದರೆ ಗೊತ್ತಾಗುತ್ತದೆ, ಇದು ಬಾಳಿದ ರಕ್ತ, ಇದು ಬಾಳದ ರಕ್ತ ಎಂದು.

ಎರಡು ವರ್ಷದ ಹಿಂದೆ ಫಲಿತಾಂಶ ಬಂತು. ನವಜಾತ ಶಿಶು ೪೧೨ರ ಕಣಗಳು ತಿದ್ದಿ ತಿದ್ದಿ ತೀಡಿದಂತಿದ್ದವು. ವೃದ್ಧೆ ೪೧೩ರ ಕಣಗಳು ಈಗ ತಾನೇ ಕಣ್ಣು ಬಿಟ್ಟಂತಿದ್ದವು. ಇನ್ನೊಮ್ಮೆ ಪರೀಕ್ಷಿಸಬೇಕು ಎಂದು ಚಿಕ್ಕ ಡಾಕ್ಟರಮ್ಮ ಹೇಳುತ್ತಲೇ ಇದ್ದಳು. ಅಷ್ಟರಲ್ಲಿ ನಮ್ಮ ನಿರ್ದೇಶಕರು ಇದೇ ಸಭಾಂಗಣದಲ್ಲಿ, ಇದೇ ಮೈಕಿನಲ್ಲಿ ಘೋಷಿಸಿಯಾಗಿತ್ತು. ಅವರ ಮಾತು ನನಗೆ ಇಂದಿಗೂ ನೆನಪಿದೆ: “ಈ ಶಿಶು ತಾಯಿಯ ಗರ್ಭದಲ್ಲಿಯೇ ಒಂದು ಜೀವಮಾನದ ಹೋರಾಟವನ್ನು ಮುಗಿಸಿ ಬಂದಿದೆ. ಹುಟ್ಟುವಾಗಲೇ ನಾಯಿಕಡಿತಕ್ಕೂ ಸಿದ್ಧವಾಗಿದೆ.”

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ತಟ್ಟುತ್ತಾ ತಟ್ಟುತ್ತಾ ನನ್ನ ಕೈ ಹೊಟ್ಟೆಯ ಮೇಲೆ ಹೋಯಿತು. ಹನ್ನೊಂದನೇ ವಯಸ್ಸಿನಲ್ಲಿ ಮನೆ ಮಾಲೀಕರ ನಾಯಿ ನನ್ನನ್ನು ಕಚ್ಚಿತ್ತು. ಆ ಕಾಲದಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ. ನಲವತ್ತಕ್ಕೆ ಇನ್ನೊಂದು ನಾಯಿ, ಇನ್ನಷ್ಟು ಸೂಜಿ. ನನಗೂ ನಾಯಿಗಳಿಗೂ ಆಗುವುದಿಲ್ಲ. ಏನೋ ಒಂದು ಅನುಮಾನ ಬಂತು, ಹೋಯಿತು ಎಂದು ಈ ಪುಟದಲ್ಲಿ ಮೊದಲು ಬರೆದಿದ್ದೆ. ಅದನ್ನು ಹೊಡೆದು ಹಾಕಿದ್ದೇನೆ, ನೋಡಿ. ಅನುಮಾನ ಬಂತು. ಹೋಗಲಿಲ್ಲ. ನಾನು ಕಳಿಸಿದೆ.

ಆಮೇಲೆ ನಡೆದದ್ದು ನಿಮಗೆ ಗೊತ್ತು. ಹಿರಿಯರ ಅರ್ಜಿಯಲ್ಲಿ ಹೆಸರಿರಲಿಲ್ಲ, ಹಾಗಾಗಿ ವಯಸ್ಸಾಗದ ರಕ್ತವಿರುವ ಆ ವೃದ್ಧೆ ಯಾರು ಎಂದು ಸಂಸ್ಥೆ ಹುಡುಕಿಸಿತು. ಗೋಡೆಗಳಿಗೆ ಪ್ರಕಟಣೆ ಹಚ್ಚಿದರು. ಒಂದೇ ವಾರದಲ್ಲಿ ಇಪ್ಪತ್ತೇಳು ಜನ ಅಜ್ಜಿಯರು ಗೇಟಿನ ಮುಂದೆ ಸಾಲು ನಿಂತರು. ಪ್ರತಿಯೊಬ್ಬರೂ ಅದು ತಾನೇ ಎಂದರು. ಒಬ್ಬರು ತನ್ನ ಹಲ್ಲು ಮೂರನೇ ಸಲ ಹುಟ್ಟುತ್ತಿದೆ ಎಂದರು. ಇನ್ನೊಬ್ಬರು ಸಾಲಿನಲ್ಲಿ ಮುಂದೆ ನುಗ್ಗಿದವರ ಜೊತೆ ಕೈಕೈ ಮಿಲಾಯಿಸಿ ತನ್ನ ಪ್ರಾಯವನ್ನು ಅಲ್ಲೇ ರುಜುವಾತು ಮಾಡಿದರು. ಇಪ್ಪತ್ತೇಳು ಟ್ಯೂಬಿಗೂ ನಾನೇ ಚೀಟಿ ಬರೆದೆ. ಯಾವುದೂ ಹೊಂದಲಿಲ್ಲ. ಹೇಗೆ ಹೊಂದುತ್ತದೆ? ಆ ಹೊತ್ತಿಗೆ ನಿಜವಾದ ಅಜ್ಜಿ ನಮ್ಮ ಮನೆಯ ನಡುಮನೆಯಲ್ಲಿ ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುತ್ತಿದ್ದಳು.

ಚಿಕ್ಕ ಡಾಕ್ಟರಮ್ಮ ಮಾತ್ರ ಸುಮ್ಮನಿರಲಿಲ್ಲ. ಮತ್ತೆ ಪರೀಕ್ಷಿಸಿದಳು. ಕಾಗದದಲ್ಲಿ ೪೧೨ ಹೆಣ್ಣುಮಗು, ಟ್ಯೂಬಿನಲ್ಲಿ ಗಂಡಸಿನ ರಕ್ತ. ಟ್ಯೂಬು ಅದಲುಬದಲಾಗಿದೆ ಎಂದು ಬರೆದುಕೊಟ್ಟಳು. ತಾಯಿಯಿಂದ ಮಗುವಿಗೆ ಬಂದಿರಬಹುದು ಎಂದರು ನಿರ್ದೇಶಕರು. ತಾಯಿ ಸಿದ್ಧವಾದ ಪ್ರತಿಕಾಯ ಕೊಡುತ್ತಾಳೆ, ಅದನ್ನು ಬರೆಯುವ ಕಣವನ್ನಲ್ಲ, ಅಲ್ಲದೆ ತಾಯಿ ಗಂಡಸಲ್ಲ ಎಂದಳು ಅವಳು. ಅದಕ್ಕೆ ಇವರು ಏನು ಮಾಡಿದರು? ಟ್ಯೂಬು ತೆಗೆದು ನೋಡಿದರೇ? ಇಲ್ಲ. ರಿಜಿಸ್ಟರು ತೆರೆದರೇ? ಇಲ್ಲ. ಮಗು ಹೆಣ್ಣು ಹೌದೋ ಅಲ್ಲವೋ ನೋಡಿಕೊಂಡು ಬರಲು ಮೂವರ ಸಮಿತಿ ಮಾಡಿದರು.

ಮಗುವಿನ ತಾಯಿಯ ಒಪ್ಪಿಗೆ ಪತ್ರದಲ್ಲಿ ವಿಳಾಸವಿತ್ತು, ಅದನ್ನು ಹಿಡಿದು ಸಮಿತಿ ನಮ್ಮ ಮನೆಗೆ ಬಂತು. ಕಡತ ಹಿಡಿದು, ಷೂ ಬಿಚ್ಚಿ, ಸಾಲಾಗಿ ಕುಳಿತರು. ಬಂದ ಕಾರಣ ಹೇಳಲು ಅರ್ಧ ಗಂಟೆ ಕೆಮ್ಮಿದರು. ಕೊನೆಗೆ ನನ್ನ ಮನೆಯವಳಿಗೆ ಅರ್ಥವಾಯಿತು.

“ಹೆಣ್ಣುಮಗು ಅಂತ ನೋಡೋಕೆ ಮೂರು ಜನ ಬೇಕಾಯ್ತಾ? ಹುಟ್ಟಿದ ದಿನ ಆಯಾ ಒಬ್ಳೇ ನೋಡಿ ಹೇಳಿದ್ಲು, ಅವಳು ಓದಿರ್ಲೂ ಇಲ್ಲ” ಎಂದಳು. ಆಮೇಲೆ ಒಳಗೆ ತಿರುಗಿ, “ಅಜ್ಜೀ, ಬಾ ಇಲ್ಲಿ, ನಿನ್ನ ನೋಡೋಕೆ ಯಾರೋ ಬಂದಿದ್ದಾರೆ” ಎಂದು ಕೂಗಿದಳು.

ಸಮಿತಿಯ ಮೂವರೂ ಎದ್ದು ನಿಂತರು. ಹಿರಿಯರು ಬರುತ್ತಾರಲ್ಲ ಎಂದು. ಬಾಗಿಲ ಕಡೆಗೆ ನೋಡುತ್ತಾ ಅಂಗಿ ಸರಿಮಾಡಿಕೊಂಡರು. ಬಾಗಿಲಲ್ಲಿ, ಅವರು ನೋಡುತ್ತಿದ್ದ ಎತ್ತರಕ್ಕಿಂತ ತುಂಬಾ ಕೆಳಗೆ, ನಾಲ್ಕು ಕಾಲಿನ ಮೇಲೆ ಅಜ್ಜಿ ಬಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ನಗು ಮಾತ್ರ ಅರ್ಧಕ್ಕೆ ನಿಂತಿತು. ಬಿಳಿ ಚೀಟಿ, ಕಪ್ಪು ಮಸಿ, ನನ್ನ ದುಂಡು ಅಕ್ಷರ, ಎಲ್ಲ ಕಣ್ಣೆದುರು ಬಂತು. ಒಂದು ಸಂಸ್ಥೆಯೇ ಅಜ್ಜಿಯನ್ನು ಹುಡುಕುತ್ತಿದೆ, ಆ ಸಂಸ್ಥೆಯ ಸಮಿತಿ ಅಜ್ಜಿಯನ್ನು ಎತ್ತಿಕೊಂಡು ಕುಳಿತಿದೆ, ಅವರಲ್ಲಿ ಒಬ್ಬರಿಗೂ ಹೊಳೆಯುತ್ತಿಲ್ಲ. ನನಗೆ ಹೊಳೆಯಿತು. ನಾನು ಚಹಾ ತರುತ್ತೇನೆ ಎಂದು ಒಳಗೆ ಹೋದೆ. ಸಮಿತಿಯ ವರದಿ ಕಚೇರಿಯಲ್ಲಿದೆ: ‘ಶಿಶುವು ಹೆಣ್ಣೆಂದು ಕಂಡುಬಂದಿದೆ. ಪರಿಶೀಲನೆಯ ವೇಳೆ ಕಡತದ ಎರಡು ಪುಟಗಳು ಒದ್ದೆಯಾಗಿವೆ.’

ಮಾರನೆಯ ದಿನ ವಿಚಾರಣೆ. ಉದ್ದ ಮೇಜು. ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಚಿಕ್ಕ ಡಾಕ್ಟರಮ್ಮ, ನಡುವೆ ನನ್ನ ರಿಜಿಸ್ಟರು, ಮುಚ್ಚಿದ್ದು. ಚೀಟಿ ಬರೆಯುವಾಗ ನಿನ್ನಿಂದ ಏನಾದರೂ ತಪ್ಪಾಗಿದೆಯೇ ಎಂದು ನಿರ್ದೇಶಕರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, “ತಪ್ಪು ಯಾರ್ದು ಅಂತ ನಾನು ಹೇಳ್ತಿಲ್ಲ ಸಾರ್. ಒಂದ್ಸಲ ರಿಜಿಸ್ಟರ್ ತೆಗೆದು ನೋಡೋಣ” ಎಂದಳು.

ನನಗೆ ರೇಗಿತು. ಯಾಕೆ ರೇಗಿತು? ಅವಳು ಸರಿಯಾದ ಜಾಗಕ್ಕೆ ಕೈ ಇಟ್ಟಳು ಎಂದು ರೇಗಿತು. “ನನ್ನ ರಿಜಿಸ್ಟರಿಗೆ ಕೈ ಹಾಕೋಕೆ ನೀನ್ಯಾರಮ್ಮ? ನೀನು ಹುಟ್ಟೋಕೆ ಮುಂಚಿಂದ ಬರೀತಿದ್ದೀನಿ. ನಿನ್ನ ಕೈ ನಡುಗಿದ್ದನ್ನ ನನ್ನ ಚೀಟಿ ಮೇಲೆ ಹಾಕ್ಬೇಡ” ಎಂದೆ. ಎದ್ದು ನಿಂತು ಹೇಳಿದೆ. ಮೇಜು ಬಡಿದು ಹೇಳಿದೆ. ರಿಜಿಸ್ಟರು ನನ್ನ ಏಟಿಗೆ ಒಂದು ಗೇಣು ಆಚೆ ಸರಿಯಿತು. ಯಾರೂ ತೆರೆಯಲಿಲ್ಲ.

ಇಷ್ಟೇ ಸಾಕಾಯಿತು. ಸಂಸ್ಥೆಯ ಹಿರಿಯ ನೌಕರನ ಮೇಲೆ ಆಧಾರವಿಲ್ಲದ ಆರೋಪ, ಸಂಸ್ಥೆಯ ಕೀರ್ತಿಗೆ ಧಕ್ಕೆ ಎಂದು ಬರೆದು ಅವಳ ಸಂಶೋಧನೆಯನ್ನು ನಿಲ್ಲಿಸಿದರು. ಐದು ವರ್ಷದ ಬರಹಕ್ಕೆ ಸಹಿ ಹಾಕಲಿಲ್ಲ. ಹೋಗುವ ದಿನ ತಂಪು ಕೋಣೆಗೆ ಬಂದು ತನ್ನ ಕೈಗವಸು ಕೊಟ್ಟು, ನನ್ನ ಪುಸ್ತಕದಲ್ಲಿ ಸಹಿ ಮಾಡಿ ಹೋದಳು. ಕೈಗವಸು ಒಂದು ಜೊತೆ, ಸರಿಯಾಗಿದೆ ಎಂದು ನಾನು ಬರೆದುಕೊಂಡೆ. ಅಷ್ಟೇ ಬರೆದುಕೊಂಡೆ.

ಹತ್ತಿರ ಹತ್ತಿರ ಎರಡು ವರ್ಷ ಕಳೆಯಿತು. ಈ ಸಮಾರಂಭ ಬಂತು, ಈ ಬರೆಯುವ ಶಿಕ್ಷೆ ಬಂತು. ಮೊದಲ ಎರಡು ಪುಟ ಬರೆದೆ, ಬರೀ ವಂದನೆ. ಕಣ್ಣು ಕಾಣದೆ ಐದನೇ ದಿನ ಕನ್ನಡಕದ ಅಂಗಡಿಗೆ ಹೋದೆ. ಹೊಸ ಅಂಗಡಿ, ಹೊರಗೆ ದೊಡ್ಡ ಕನ್ನಡಕದ ಬೋರ್ಡು. ಒಳಗೆ ಕತ್ತಲೆ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟರು.

“ಮೂರನೇ ಸಾಲು ಓದಿ, ಕೂಸಣ್ಣ.”

ಕಾಣದಿದ್ದರೂ ದನಿ ಗೊತ್ತಾಯಿತು, ಚಿಕ್ಕ ಡಾಕ್ಟರಮ್ಮನದು. ನಾನು ಓದಲಿಲ್ಲ. ಅವಳು ಗಾಜು ಬದಲಿಸಿದಳು. ಈಗ ಎಂದಳು. ಇನ್ನೊಂದು ಬದಲಿಸಿದಳು. ಈಗ ಎಂದಳು. ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು. ಕೊನೆಗೆ ಹೇಳಿದೆ, ಅಜ್ಜಿ ಎಂದರೆ ನಮ್ಮ ಮೊಮ್ಮಗಳು ಕಣಮ್ಮ ಎಂದು.

“ಗೊತ್ತು” ಎಂದಳು. “ಸಮಿತಿಯವ್ರು ನಿಮ್ಮನೆಯಿಂದ ಬಂದ ಮೇಲೆ ಕ್ಯಾಂಟೀನಲ್ಲಿ ಹೇಳ್ಕೊಂಡು ನಗ್ತಿದ್ರು. ಆಗ್ಲೇ ಗೊತ್ತಾಯ್ತು.”

“ಗೊತ್ತಿದ್ರೆ ಯಾಕಮ್ಮ ಹೇಳ್ಲಿಲ್ಲ?”

“ನಿರ್ದೇಶಕರಿಗೆ ಹೇಳ್ದೆ. ಕೂಸಣ್ಣ ಇಲ್ಲ ಅಂದ್ರಲ್ಲ, ಇನ್ನೇನು ನಿಂದು ಅಂದ್ರು. ಈಗ ನಾಲ್ಕನೇ ಸಾಲು ಓದಿ.”

ನಾನು ನಾಲ್ಕನೇ ಸಾಲು ಓದಿದೆ. ಐದನೆಯದನ್ನೂ ಓದಿದೆ. ನಿನಗೆ ನನ್ನಿಂದ ಏನಾಗಬೇಕು ಹೇಳು ಎಂದೆ. ಅವಳು ಗಾಜಿನ ಸಂಖ್ಯೆ ಬರೆದು ಮುಗಿಸಿದಳು. ಆಮೇಲೆ, “ಸಂಸ್ಥೆಯಿಂದ ಒಂದು ಸಾಲು ಬೇಕು. ಟ್ಯೂಬು ಬದಲಾಗಿತ್ತು, ಅವಳು ಹೇಳಿದ್ದು ಸರಿ ಅಂತ. ನಂಗೆ ಬೇರೆ ಕಡೆ ಕೆಲ್ಸ ಮುಗಿಸೋಕೆ ಅಷ್ಟು ಸಾಕು. ಅದಿಲ್ದೆ ಯಾರೂ ಒಳಗೆ ಬಿಡಲ್ಲ” ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಸಮ ಮಾಡಿಕೊಳ್ಳುತ್ತಿದ್ದೆ.

ಮಾರನೆಯ ದಿನ ರಿಜಿಸ್ಟರು ತೆಗೆದುಕೊಂಡು ನಿರ್ದೇಶಕರ ಕೋಣೆಗೆ ಹೋದೆ. ಪುಟ ತೆರೆದು ಬೆರಳಿಟ್ಟು ತೋರಿಸಿದೆ. ಇದು ಕೂಸು, ಅಂದರೆ ನಾನು. ಇದು ಅಜ್ಜಿ, ಅಂದರೆ ಮಗು. ಅವರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ನನಗೆ ನೀರು ತರಿಸಿದರು. ಮೂವತ್ತನಾಲ್ಕು ವರ್ಷದಲ್ಲಿ ಆ ಕೋಣೆಯಲ್ಲಿ ನನಗೆ ನೀರು ತರಿಸಿದ್ದು ಅದೇ ಮೊದಲು.

“ನೋಡು ಕೂಸಣ್ಣ, ನಿನ್ನ ಪ್ರಶಸ್ತಿ ಪತ್ರ ಅಚ್ಚಾಗಿದೆ. ಒಂದೂ ತಪ್ಪು ಮಾಡಿಲ್ಲ ಅಂತ ಅದರಲ್ಲಿದೆ. ಅಚ್ಚಾದ ಮೇಲೆ ನೀನು ತಪ್ಪು ಮಾಡೋಕೆ ಬರಲ್ಲ” ಎಂದರು. ಇನ್ನೂ ಹೇಳಿದರು, ಈ ಶಿಶುವಿನ ಹೆಸರಿನಲ್ಲಿ ಹೊಸ ವಿಭಾಗವೇ ಶುರುವಾಗಿದೆ, ಹನ್ನೊಂದು ಜನ ಕೆಲಸಕ್ಕೆ ಸೇರಿದ್ದಾರೆ, ಈಗ ಶಿಶುವೇ ಇಲ್ಲ ಎಂದರೆ ಅವರೆಲ್ಲ ಏನನ್ನು ನೋಡಿಕೊಳ್ಳಬೇಕು? ನನ್ನನ್ನು ನೋಡಿಕೊಳ್ಳಲಿ ಎಂದೆ. ಅವರಿಗೆ ನಗು ಬರಲಿಲ್ಲ.

ಈ ಪುಟ ಓದುವಾಗ ಅಧ್ಯಕ್ಷರು ಗಡಿಯಾರ ನೋಡುತ್ತಿರುತ್ತಾರೆ ಎಂದು ಮನೆಯಲ್ಲೇ ಬರೆದಿಟ್ಟಿದ್ದೆ. ನೋಡುತ್ತಿದ್ದಾರೆ. ನೋಡಲಿ. ನಾನು ಮುಗಿಸುತ್ತಿದ್ದೇನೆ.

ಅವರು ಕೆಟ್ಟವರಲ್ಲ. ನನ್ನ ಮಗಳ ಹೆರಿಗೆಯಲ್ಲಿ ತಡವಾದಾಗ ತಮ್ಮ ಗಾಡಿ ಕಳಿಸಿಕೊಟ್ಟವರು. ತಪ್ಪು ನನ್ನದು ಮೊದಲು, ಅವರದು ಆಮೇಲೆ. ಆದರೆ ನನ್ನ ತಪ್ಪಿಗೆ ಆ ಹುಡುಗಿ ಕತ್ತಲೆ ಕೋಣೆಯಲ್ಲಿ ಜನರ ಮೂಗಿಗೆ ಗಾಜು ಸಿಕ್ಕಿಸುತ್ತಾ ಕುಳಿತಿರುವುದನ್ನು ನಾನು ಇನ್ನೊಂದು ದಿನ ಸಹಿಸುವುದಿಲ್ಲ.

ಈಗ ತಾನೇ ನನ್ನ ಕೈಗೆ ಕೊಟ್ಟ ಈ ಚೌಕಟ್ಟಿನ ಪ್ರಶಸ್ತಿ ಪತ್ರದಲ್ಲಿ ಹೀಗಿದೆ: ‘ಮೂವತ್ತನಾಲ್ಕು ವರ್ಷಗಳಲ್ಲಿ ಒಂದೂ ತಪ್ಪು ಮಾಡಿಲ್ಲದ ಶೀತಾಗಾರ ಪಾಲಕರಿಗೆ.’ ಗಾಜು ತೆಗೆದು, ನನ್ನ ಚೀಟಿಯ ಪೆನ್ನಿನಲ್ಲೇ ತಿದ್ದುತ್ತಿದ್ದೇನೆ. ಈ ಪೆನ್ನಿನ ಮಸಿ ಅಳಿಸುವುದಿಲ್ಲ. ‘ಒಂದೂ’ ಎಂಬುದರ ದೀರ್ಘ ತೆಗೆದೆ, ‘ಮಾಡಿಲ್ಲದ’ ಎಂಬುದರಿಂದ ‘ಲ್ಲ’ ತೆಗೆದೆ. ಈಗ ‘ಒಂದು ತಪ್ಪು ಮಾಡಿದ’ ಎಂದಾಯಿತು. ಕಾಗದ ಅದೇ, ಚೌಕಟ್ಟು ಅದೇ. ಇದನ್ನು ನಾನು ಸಂತೋಷದಿಂದ ಗೋಡೆಗೆ ಹಾಕಿಕೊಳ್ಳುತ್ತೇನೆ.

ತಂಪು ಕೋಣೆಯನ್ನು ಒಪ್ಪಿಸಿದ್ದೇನೆ ಎಂಬ ಕಾಗದಕ್ಕೆ ನಾನಿನ್ನೂ ಸಹಿ ಮಾಡಿಲ್ಲ. ಸಹಿಯಾಗದೆ ನಾನು ನಿವೃತ್ತನಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಎಂದಿನಂತೆ ಬರುತ್ತೇನೆ, ಅಜ್ಜಿಯನ್ನೂ ಕರೆದುಕೊಂಡು ಬರುತ್ತೇನೆ. ಅವಳ ತಾಯಿ ಬರೆದುಕೊಟ್ಟಿದ್ದಾಳೆ. ಅವಳನ್ನೂ ಕೇಳಿದೆ, ಎರಡು ಬಿಸ್ಕತ್ತಿಗೆ ಒಪ್ಪಿದ್ದಾಳೆ, ಮೂರು ಕೇಳಿದಳು. ನಮ್ಮಿಬ್ಬರ ರಕ್ತ ಹೊಸದಾಗಿ ತೆಗೆಯಿರಿ. ೪೧೨ರ ಪಕ್ಕ ನನ್ನದನ್ನು ಇಡಿ, ೪೧೩ರ ಪಕ್ಕ ಅವಳದನ್ನು ಇಡಿ. ಚೀಟಿಯನ್ನು ಬೇರೆ ಯಾರಾದರೂ ಬರೆಯಲಿ. ನೋಡಿದ ಮೇಲೆ ಆ ಒಂದು ಸಾಲು ಬರೆಯಿರಿ, ಸಂಸ್ಥೆಯ ಕಾಗದದಲ್ಲಿ, ನಿರ್ದೇಶಕರ ಸಹಿ ಹಾಕಿ. ಚಿಕ್ಕ ಡಾಕ್ಟರಮ್ಮನ ಹೆಸರಿನ ಮುಂದಿರುವ ಆರೋಪವನ್ನು ಕಡತದಿಂದ ಹೊಡೆದು ಹಾಕಿ. ಕಾಗದವನ್ನು ಅಂಚೆಗೆ ಹಾಕಬೇಡಿ, ನನ್ನ ಕೈಗೆ ಕೊಡಿ. ಕನ್ನಡಕದ ಅಂಗಡಿ ನನಗೆ ಗೊತ್ತು.

ಇಷ್ಟು ಹೊತ್ತು ಕೇಳಿದ್ದಕ್ಕೆ ಎಲ್ಲರಿಗೂ, ಮೊಹರು ಹೊಡೆದ ಮೇಲ್ವಿಚಾರಕರಿಗೆ ವಿಶೇಷವಾಗಿ, ನನ್ನ ವಂದನೆ. ದೂರದಿಂದ ಬಂದ ಅತಿಥಿಗಳು ಊಟ ಮಾಡಿಕೊಂಡೇ ಹೋಗಬೇಕು. ಎಲ್ಲರಿಗೂ ನಮಸ್ಕಾರ.

ಉತ್ತರ ಈ ತಿಂಗಳ ಇಪ್ಪತ್ತನೇ ತಾರೀಖು ಸಂಜೆ ಐದು ಗಂಟೆಯೊಳಗೆ ಬೇಕು. ಬಾಯಿಮಾತು ನಡೆಯುವುದಿಲ್ಲ, ಬರೆದು ಕೊಡಬೇಕು.